ಸಹಿ ಹಾಕಿದ ಮೇಲೆ ಮುಗಿದೇಹೋಯಿತಾ?

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು: ನಿಮ್ಮ ತಂದೆ ನಿವೃತ್ತರು. ಎಫ್‌ಡಿ ಮುಂದುವರಿಸಲು ಬ್ಯಾಂಕಿಗೆ ಹೋದವರಿಗೆ 'ಇದರಲ್ಲಿ ಬಡ್ಡಿ ಜಾಸ್ತಿ, ಒಂದೇ ಸಲ ಕಟ್ಟಿದರೆ ಸಾಕು' ಎಂದು ಹೇಳಿ 2 ಲಕ್ಷ ರೂಪಾಯಿ ಕಟ್ಟಿಸಿಕೊಂಡರು. ವರ್ಷದ ಮೇಲೆ 'ಎರಡನೇ ಕಂತು ಬಾಕಿ' ಎಂದು ಮೆಸೇಜ್ ಬಂತು. ಅದು 10 ವರ್ಷ ಪ್ರೀಮಿಯಂ ಕಟ್ಟುವ ಜೀವವಿಮೆ! ಕೇಳಲು ಹೋದರೆ, 'ಸಹಿ ನಿಮ್ಮದೇ ಅಲ್ವಾ?' ಎಂಬ ಉತ್ತರ.

ಸಹಿ ಅವರದೇ, ಸರಿ. ಆದರೆ ಸಹಿಯ ಮೇಲ್ಗಡೆ ಏನು ಬರೆದಿದೆ, ಯಾರು ಬರೆದರು ಎಂದು ಮೊದಲು ನೋಡಿ. ಪಾಲಿಸಿಯ ಜೊತೆ ಪ್ರಪೋಸಲ್ ಫಾರಂನ (ವಿಮೆ ಕೋರಿ ತುಂಬಿದ ಅರ್ಜಿಯ) ನಕಲು ಇರಬೇಕು. ಇಲ್ಲದಿದ್ದರೆ ಕಂಪನಿಯಿಂದ ಕೇಳಿ ತರಿಸಿಕೊಳ್ಳಿ. ಇಂಥ ಪ್ರಕರಣಗಳಲ್ಲಿ ಎಷ್ಟೋ ಸಲ ಅದರಲ್ಲಿ ಪಿಂಚಣಿದಾರರ ಉದ್ಯೋಗ 'ಬಿಸಿನೆಸ್' ಆಗಿರುತ್ತದೆ. ಆದಾಯವನ್ನೂ ಏರಿಸಿರುತ್ತಾರೆ, ಇಲ್ಲವಾದರೆ ಅಷ್ಟು ದೊಡ್ಡ ಪ್ರೀಮಿಯಂ ಪಾಸಾಗುವುದು ಕಷ್ಟ. ಮೊಬೈಲ್ ನಂಬರ್, ಇಮೇಲ್ ಯಾರದೆಂದೂ ನೋಡಿ. ಪಾಲಿಸಿ ಕೊಡುವ ಮುಂಚೆ ಕಂಪನಿಯಿಂದ ಪರಿಶೀಲನೆಗೆ ಫೋನ್ ಬಂದಿದ್ದರೆ ಅದರ ರೆಕಾರ್ಡಿಂಗ್ ಕೊಡಿ ಎಂದು ಬರೆಯಿರಿ. 'ಎಲ್ಲದಕ್ಕೂ ಹೌದು ಅನ್ನಿ ಸಾರ್, ಸುಮ್ನೆ ಫಾರ್ಮಾಲಿಟಿ' ಎಂದು ಪಕ್ಕದಲ್ಲೇ ಕೂತು ಹೇಳಿಕೊಡುವುದು ಇವರ ಹಳೇ ಚಾಳಿ. ಬಾಯಿಮಾತಿಗೆ ಸಾಕ್ಷಿ ಇಲ್ಲ ಎಂದು ನೀವು ಕೊರಗಿದ್ದೀರಲ್ಲ, ಸಾಕ್ಷಿ ಅವರ ಕಾಗದದಲ್ಲೇ ಸಿಗಬಹುದು.

ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ವಾಪಸ್ ಮಾಡಬಹುದಿತ್ತು. ಆ ಗಡುವು ದಾಟಿದೆ. ಪಾಲಿಸಿ ಕೈಗೆ ಸೇರಿಯೇ ಇಲ್ಲವಾದರೆ ಮಾತ್ರ ಅದನ್ನು ದೂರಿನಲ್ಲಿ ಒತ್ತಿ ಹೇಳಿ.

ದೂರು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಹೋಗಲಿ, ಬ್ಯಾಂಕಿಗೊಂದು ಪ್ರತಿ. ಏನು ಹೇಳಿ ಮಾರಿದರು, ಕಾಗದದಲ್ಲಿ ಏನಿದೆ, ಅಷ್ಟೇ ಬರೆಯಿರಿ. ಬೈಗುಳ ಬೇಡ. ಕಟ್ಟಿದ ಹಣ ಪೂರ್ತಿ ವಾಪಸ್ ಬೇಕೆಂದು ಕೇಳಿ. 'ಸರೆಂಡರ್ ಮಾಡಿಬಿಡಿ', ಅಂದರೆ ಪಾಲಿಸಿಯನ್ನು ಅವಧಿಗೆ ಮುಂಚೆಯೇ ಮುಗಿಸಿಬಿಡಿ ಎಂದು ಯಾರಾದರೂ ಪುಸಲಾಯಿಸಿದರೆ ಸದ್ಯಕ್ಕೆ ಒಪ್ಪಬೇಡಿ. ಹಾಗೆ ಮಾಡಿದರೆ ಕೈಗೆ ಬರುವುದು ಕಟ್ಟಿದ್ದಕ್ಕಿಂತ ಕಡಿಮೆ, ನಿಮ್ಮ ವಾದವೂ ಸಡಿಲವಾಗುತ್ತದೆ. ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಒಪ್ಪಿಗೆ ಕೊಟ್ಟಿದ್ದರೆ ಇವತ್ತೇ ರದ್ದು ಮಾಡಿಸಿ. ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

ಒಂದು ತಿಂಗಳಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಾಗಲಿಲ್ಲ ಎನ್ನಿ. ಆಗ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. 2017ರ ವಿಮಾ ಓಂಬುಡ್ಸ್‌ಮನ್ ನಿಯಮಗಳ ಪ್ರಕಾರ ಪಾಲಿಸಿಯ ಷರತ್ತುಗಳ ಬಗ್ಗೆ ತಪ್ಪು ಮಾಹಿತಿ ಕೊಟ್ಟಿರುವುದೂ ಅಲ್ಲಿ ದೂರಿಗೆ ಕಾರಣವಾಗುತ್ತದೆ. ಕಂಪನಿ ಉತ್ತರಿಸಿದ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರೂ ಬೇಡ. ಅಲ್ಲಿನ ತೀರ್ಪಿಗೆ ಕಂಪನಿ ತಲೆಬಾಗಲೇಬೇಕು.

ನೇರವಾಗಿ ಗ್ರಾಹಕ ಆಯೋಗಕ್ಕೆ ಹೋಗಲೇ ಎಂದೂ ಕೇಳಿದ್ದೀರಿ. ಹೋಗಬಹುದು. ನಿಮ್ಮ ತಂದೆ ಇರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ, 2 ವರ್ಷದ ಗಡುವೂ ಇದೆ. ಆದರೆ ಅಲ್ಲಿ ಕೇಸು ನಡೆಯುತ್ತಿರುವಾಗ ಓಂಬುಡ್ಸ್‌ಮನ್ ಆ ದೂರನ್ನು ಮುಟ್ಟುವುದಿಲ್ಲ. ವಯಸ್ಸಾದವರನ್ನು ಅಲೆದಾಡಿಸುವುದಕ್ಕಿಂತ ಓಂಬುಡ್ಸ್‌ಮನ್ ದಾರಿಯೇ ಮೊದಲಾಗಲಿ ಎನ್ನುವುದು ನನ್ನ ಅಭಿಪ್ರಾಯ.

ಇಷ್ಟರ ನಡುವೆ 'ಐಆರ್‌ಡಿಎಐನಿಂದ ಮಾತಾಡ್ತಿದ್ದೀವಿ, ನಿಮ್ಮ ದುಡ್ಡು ಬಿಡಿಸಿಕೊಡ್ತೀವಿ, ಮೊದಲು ಸ್ವಲ್ಪ ಕಟ್ಟಿ' ಎಂದು ಫೋನ್ ಬಂದರೆ ಇಟ್ಟುಬಿಡಿ. ಅದು ಬೇರೆಯೇ ಮೋಸ.

– ಸಂ.