ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಅಪ್ಪ ಅಮ್ಮನ ಜೊತೆ ಹೊರಟಿದ್ದೇವೆ. ಬೆಂಗಳೂರಲ್ಲೇ ದಪ್ಪ ಜಾಕೆಟ್ ಕೊಳ್ಳಬೇಕಾ?

ಸೆಪ್ಟೆಂಬರ್ ಮೊದಲ ವಾರ, ಉಳಿಯುವುದು ಫ್ರೀಮಾಂಟ್‌ನ ಅಕ್ಕನ ಮನೆಯಲ್ಲಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ನೋಡುವುದು ಅಂತ ಬರೆದಿದ್ದೀರಿ. ಅಕ್ಕ ಅನ್ನುವ ಕಡೆ ತಮ್ಮ ಅಂತ ಹಾಕಿಬಿಟ್ಟರೆ ಇದು 2019ರಲ್ಲಿ ನನಗೇ ಆಗಿದ್ದು.

ನಾನು, ಅಮ್ಮ, ನನ್ನ ಒಂಬತ್ತು ವರ್ಷದ ಮಗ. ಶಿವಮೊಗ್ಗದಿಂದ ಅಮ್ಮ ತಂದ ಬ್ಯಾಗಿನಲ್ಲಿ ಎರಡು ಉಣ್ಣೆ ಸ್ವೆಟರ್, ಒಂದು ಶಾಲು, ಕಂದು ಬಣ್ಣದ ಮಂಕಿ ಟೋಪಿ ಇದ್ದವು. "ಕ್ಯಾಲಿಫೋರ್ನಿಯಾ ಅಂದ್ರೆ ಬಿಸಿಲು ಕಣಮ್ಮ. ಅಲ್ಲಿ ಮಂಕಿ ಟೋಪಿ ಹಾಕ್ಕೊಂಡು ಓಡಾಡಿದ್ರೆ ನಿನ್ ಮಗನ ಮಾನ ಹೋಗುತ್ತೆ" ಅಂತ ನಗಾಡಿ ಟೋಪಿಯನ್ನು ಬೀರುವಿಗೆ ಹಾಕಿದೆ. ಆ ಜಾಗದಲ್ಲಿ ಚಟ್ನಿಪುಡಿ ಡಬ್ಬಿ ಕೂತಿತು. ಸ್ವೆಟರ್ ಮಾತ್ರ ಹೋಗಲಿ ಅಂತ ಬಿಟ್ಟೆ. ಅಂದರೆ ಸ್ವೆಟರ್‌ಗಳು ನಮ್ಮ ಜೊತೆ ಅಮೆರಿಕಕ್ಕೆ ಬಂದಿದ್ದವು. ಇದನ್ನು ನೆನಪಿಟ್ಟುಕೊಳ್ಳಿ.

ಅಮ್ಮನಿಗೆ ಅಮೆರಿಕದಲ್ಲಿ ನೋಡಬೇಕಾಗಿದ್ದು ಎರಡೇ. ಮಗನ ಮನೆ, ಗೋಲ್ಡನ್ ಗೇಟ್ ಸೇತುವೆ. ಯಾವುದೋ ಕಾಲದ ಕ್ಯಾಲೆಂಡರಿನ ಆ ಕೆಂಪು ಸೇತುವೆಯ ಚಿತ್ರ ನಮ್ಮ ಅಡುಗೆಮನೆ ಬಾಗಿಲ ಹಿಂದೆ ವರ್ಷಗಟ್ಟಲೆ ಅಂಟಿಕೊಂಡಿತ್ತು. ಅದರ ಮೇಲೆ ನಡೆಯಬೇಕು ಅಂತ ಆಸೆ.

ಹೊರಟ ದಿನ ಬೆಳಿಗ್ಗೆ ಒಂಬತ್ತಕ್ಕೇ ಫ್ರೀಮಾಂಟ್‌ನಲ್ಲಿ ಬೆವರು. ಫೋನ್ ನೋಡಿದೆ, ಮಧ್ಯಾಹ್ನ 34 ಡಿಗ್ರಿ ಅಂತ ತೋರಿಸಿತು. ಸ್ವೆಟರ್ ಎರಡೂ ಸೋಫಾದ ಕೈಮೇಲೆ ಮಡಚಿಟ್ಟಿದ್ದವು. ಅಮ್ಮನೇ ಇಟ್ಟಿದ್ದು. ತಮ್ಮ ಕಾರು ತೆಗೆಯುತ್ತಾ "ಅದನ್ನ ತಗೋ" ಅಂದ. "ಈ ಸೆಕೇಲಿ ಯಾರೋ ಹೊತ್ಕೊಂಡು ತಿರುಗ್ತಾರೆ" ಅಂದೆ. ಮಗನಿಗೆ ಚಡ್ಡಿ, ಟೀಶರ್ಟ್. ಅಮ್ಮನಿಗೆ ತೆಳು ಕಾಟನ್ ಸೀರೆ. ನನಗೆ ತೋಳಿಲ್ಲದ ಕುರ್ತಾ.

ನನ್ನ ತಪ್ಪು ಆ ಸೋಫಾ ಹತ್ತಿರ ಆಗಿದ್ದು. ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ, ಸ್ವಲ್ಪ ತಡೆದುಕೊಳ್ಳಿ. ಒಂದು, ಫೋನ್ ತೋರಿಸಿದ್ದು ನಾನು ನಿಂತಿದ್ದ ಊರಿನ ಹವೆ. ನಾನು ಹೋಗಬೇಕಿದ್ದ ಜಾಗ ಸುಮಾರು 70 ಕಿಲೋಮೀಟರ್ ಆಚೆ ಇತ್ತು. ಶಿವಮೊಗ್ಗದಲ್ಲಿ 70 ಕಿಲೋಮೀಟರ್ ಹೋದರೆ ಅಂಥ ವ್ಯತ್ಯಾಸ ಏನಿರುತ್ತದೆ, ಆಗುಂಬೆ ಕಡೆ ಬಿಟ್ಟರೆ? ಎರಡು, ಇದನ್ನು ನಾನು ಆಮೇಲೆ ಕೂತು ಓದಿ ತಿಳಿದುಕೊಂಡಿದ್ದು, ಫ್ರೀಮಾಂಟ್‌ನ ಸೆಕೆ ನೋಡಿಯೇ ನಾನು ಹೆದರಬೇಕಿತ್ತು. ಅಲ್ಲಿನ ಸಮುದ್ರ ನಮ್ಮ ಅರಬ್ಬಿ ಸಮುದ್ರದ ಹಾಗಲ್ಲ. ಉತ್ತರದಿಂದ ತಣ್ಣನೆಯ ಪ್ರವಾಹ ಇಳಿದು ಬರುತ್ತದೆ. ಅದರ ಮೇಲೆ ಗಾಳಿ ದಡದ ನೀರನ್ನು ಆಚೆ ತಳ್ಳಿದಾಗ ಅಡಿಯಿಂದ ಇನ್ನೂ ತಣ್ಣಗಿರುವ ನೀರು ಮೇಲೆ ಬರುತ್ತದೆ. ಆ ನೀರಿನ ಮೇಲೆ ಮಂಜು ಕಟ್ಟಿ ಕೂತಿರುತ್ತದೆ. ಒಳನಾಡು ಕಾದಾಗ ಅಲ್ಲಿನ ಬಿಸಿ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ. ಕರಾವಳಿಯ ಗುಡ್ಡಸಾಲಿನಲ್ಲಿ ಅದು ನುಗ್ಗಲು ಇರುವ ದೊಡ್ಡ ಕಂಡಿಯೇ ಗೋಲ್ಡನ್ ಗೇಟ್. ಆ ಕಂಡಿಯ ಮೇಲೆಯೇ 1937ರಲ್ಲಿ ಸೇತುವೆ ಕಟ್ಟಿದ್ದಾರೆ. ಅಂದರೆ ಒಳಗೆ ಎಷ್ಟು ಸೆಕೆಯೋ ಸಾಮಾನ್ಯವಾಗಿ ಸೇತುವೆ ಮೇಲೆ ಅಷ್ಟು ಗಾಳಿ. ನಾನು ಸೆಕೆ ಅಂತ ಸ್ವೆಟರ್ ಬಿಟ್ಟೆ. ಸೆಕೆ ಅಂತಲೇ ತಗೊಳ್ಳಬೇಕಿತ್ತು!

ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಇನ್ನೊಂದು ಸೇತುವೆ, ಬೇ ಬ್ರಿಜ್, ಅದನ್ನು ದಾಟುವವರೆಗೂ ಕಾರಿನಲ್ಲಿ ಎಸಿ. ಆಚೆ ಗೋಲ್ಡನ್ ಗೇಟ್ ಹತ್ತಿರ ಹೋದಂತೆ ಆಕಾಶ ಬಿಳಿ ಆಯಿತು. ಕಾರಿನ ಮೀಟರ್‌ನಲ್ಲಿ 14 ಡಿಗ್ರಿ. ಬಾಗಿಲು ತೆಗೆದ ಕೂಡಲೇ ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡಿತು. ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತಿದ್ದೀರಾ? ಅದೇ ಗಾಳಿ. ಸೇತುವೆ ಎಲ್ಲಿದೆ ಅಂತ ಮಗ ಕೇಳಿದ. ಅದರ ಬುಡದಲ್ಲೇ ನಿಂತಿದ್ದೆವು. 227 ಮೀಟರ್ ಎತ್ತರದ ಕಂಬ, ಒಂದು ಗೇಣೂ ಕಾಣುತ್ತಿಲ್ಲ. ಮಂಜಿನೊಳಗಿಂದ ಹಡಗುಗಳಿಗೆ ಊದುವ ಹಾರ್ನ್ ಮಾತ್ರ, ಎಮ್ಮೆ ಕೂಗಿದ ಹಾಗೆ.

ಅಮ್ಮ ನಡೆಯುವುದೇ ಅಂದಳು. ನೂರು ಹೆಜ್ಜೆ ಹೋಗಿರಬಹುದು. ಸೀರೆಯೊಳಗೆ ಗಾಳಿ ತುಂಬಿ ನೆರಿಗೆ ನಿಲ್ಲುತ್ತಿಲ್ಲ. ಒಂದು ಕೈ ನೆರಿಗೆ ಮೇಲೆ, ಒಂದು ಕೈ ಸೆರಗಿನ ಮೇಲೆ, ಕಂಬಿ ಹಿಡಿಯಲು ಕೈಯೇ ಇಲ್ಲ. ಮಗನ ಹಲ್ಲು ಕಟಕಟ ಅನ್ನುತ್ತಿತ್ತು. ಆಗ ಅಮ್ಮ ನಿಂತು, ಗಾಳಿಗೆ ಬೆನ್ನು ಕೊಟ್ಟು, ವ್ಯಾನಿಟಿ ಬ್ಯಾಗಿನ ತಳದಿಂದ ಮಂಕಿ ಟೋಪಿ ತೆಗೆದಳು. ನಾನು ಬೀರುವಿಗೆ ಹಾಕಿದ್ದೆನಲ್ಲ, ಅದೇ. ಯಾವಾಗ ವಾಪಸ್ ತೆಗೆದುಕೊಂಡಿದ್ದಳೋ. ನನ್ನ ಕಡೆ ನೋಡಲೂ ಇಲ್ಲ. ಮೊಮ್ಮಗನ ತಲೆಗೆ ಹಾಕಿ, ಕೆನ್ನೆ ಹತ್ತಿರ ಎಳೆದು ಸರಿ ಮಾಡಿ, ತಾನು ಸೆರಗು ಹೊದ್ದುಕೊಂಡಳು.

ತಮ್ಮ ಹೇಳಿದ, ಒಂದೆರಡು ಗಂಟೆ ಕಾದರೆ ಮಂಜು ಸರಿಯುತ್ತದೆ ಅಂತ. ನಿಲ್ಲೋಣ ಅಂತ ನನಗೂ ಇತ್ತು. ನಡುಗುವ ಮಗುವನ್ನು ಇಟ್ಟುಕೊಂಡು ನಿಲ್ಲುವುದು ಹೇಗೆ? ವಾಪಸ್ ಕಾರಿಗೆ ಓಡಿದೆವು. ಪ್ರವಾಸಿಗರು ಸೇರುವ ದಡದ ಜಾಗ ಫಿಶರ್‌ಮನ್ಸ್ ವಾರ್ಫ್‌ಗೆ ಹೋಗಿ, ಎದೆ ಮೇಲೆ ಊರಿನ ಹೆಸರು ಬರೆದ ಮೂರು ಫ್ಲೀಸ್ ಜಾಕೆಟ್ ಕೊಂಡೆವು. ಅಂಗಡಿ ತುಂಬಾ ನಮ್ಮ ಥರದವರೇ, ಚಡ್ಡಿ ಹಾಕಿಕೊಂಡು ನಡುಗುತ್ತಾ ಸಾಲಲ್ಲಿ ನಿಂತವರು. ಬಿಲ್ ಕೊಟ್ಟು ಹೊರಗೆ ಬಂದರೆ ಬಿಸಿಲು. ದೂರದಲ್ಲಿ, ಮಂಜಿನ ಮೇಲೆ, ಕೆಂಪು ಕಂಬದ ತುದಿ. ಆಗ ಎಲ್ಲರಿಗೂ ಹಸಿವು. ಮರುದಿನ ಲಾಸ್ ಏಂಜಲೀಸ್‌ಗೆ ಟಿಕೆಟ್, ಅಲ್ಲಿಂದಲೇ ಬೆಂಗಳೂರಿಗೆ. ಸೋಫಾ ಮೇಲಿದ್ದ ಎರಡು ಸ್ವೆಟರ್ ಇದ್ದಿದ್ದರೆ ಕಾಯುತ್ತಿದ್ದೆವು, ಅಷ್ಟೆ. ಅಮ್ಮ ಸೇತುವೆಯ ಒಂದು ಮ್ಯಾಗ್ನೆಟ್ ತಂದು ಫ್ರಿಜ್‌ಗೆ ಅಂಟಿಸಿದ್ದಾಳೆ. ಮನೆಗೆ ಬಂದವರಿಗೆ ಬೆರಳಿಟ್ಟು ತೋರಿಸುತ್ತಾಳೆ, "ಇಲ್ಲೇ ನಿಂತಿದ್ವಿ. ಇದು ಇರ್ಲಿಲ್ಲ ಅಷ್ಟೆ."

ಈಗ ನಿಮ್ಮ ಜಾಕೆಟ್ ವಿಷಯ. ಬೇಡ. ಅಂಗಡಿಯವರು ಅಮೆರಿಕ ಅಂದ ಕೂಡಲೇ ಹಿಮಕ್ಕೆ ಹಾಕುವುದನ್ನು ತೋರಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಗಲು ಸರಾಸರಿ 21 ಡಿಗ್ರಿ, ರಾತ್ರಿ 13ರ ಆಸುಪಾಸು. ವರ್ಷದಲ್ಲಿ ಅಲ್ಲಿ ಬೆಚ್ಚಗಿರುವುದೇ ಸೆಪ್ಟೆಂಬರ್, ಅಕ್ಟೋಬರ್. ದಪ್ಪ ಜಾಕೆಟ್ ಹಾಕಿದರೆ ಸೇತುವೆ ಮೇಲೆ ಸರಿ, ಅರ್ಧ ಗಂಟೆ ಬಿಟ್ಟು ಅದೇ ಊರಿನ ಮಿಷನ್ ಬಡಾವಣೆ ಕಡೆ ಹೋದರೆ ಬೆವರು. ಆಗ ಬಿಚ್ಚಿ ಎಲ್ಲಿಡುತ್ತೀರಿ? ಕಾರಿನಲ್ಲಿ ಕಾಣುವ ಹಾಗೆ ಏನನ್ನೂ ಬಿಡಬೇಡಿ, ಅಲ್ಲಿ ಕಾರಿನ ಗಾಜು ಒಡೆದು ಬ್ಯಾಗ್ ಎತ್ತುವುದು ಜಾಸ್ತಿ. ಹಾಗಾಗಿ ನಿಮ್ಮ ಹೆಗಲಿನ ಚೀಲದಲ್ಲಿ ಹಿಡಿಸುವಂಥದ್ದು ಮಾತ್ರ ಬಟ್ಟೆ ಅಂತ ಲೆಕ್ಕ. ಮನೆಯಲ್ಲಿರುವ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ತೆಳು ಜರ್ಕಿನ್. ಬೈಕಿಗೆ ಹಾಕುವ ವಿಂಡ್‌ಚೀಟರ್ ಇದ್ದರೆ ಅದೇ ಸಾಕು. ಗಾಳಿ ತಡೆಯದ ಸ್ವೆಟರ್ ಒಂದೇ ಇದ್ದರೆ ಜಾಳಿಗೆ ಹೊದ್ದ ಹಾಗೆ.

ಅಮ್ಮನಿಗೆ ಪ್ಯಾಂಟ್ ಹಾಕಿಸುವ ಹಟ ಬಿಡಿ. ಸುಮ್ನೆ ಇಬ್ಬರಿಗೂ ಪ್ರವಾಸ ಹಾಳು. ಸೀರೆಯೊಳಗೆ ದಪ್ಪ ಲೆಗ್ಗಿಂಗ್ಸ್, ಕಾಲಿಗೆ ಸಾಕ್ಸ್ ಮತ್ತು ಶೂ, ನೆರಿಗೆಗೆ ಎರಡು ಪಿನ್ ಜಾಸ್ತಿ. ಆ ಊರಿನ ಏರು ಇಳಿಜಾರಿನಲ್ಲಿ ಚಪ್ಪಲಿ ಜಾರುತ್ತದೆ. ಛತ್ರಿ ಬೇಡ, ಸೆಪ್ಟೆಂಬರ್‌ನಲ್ಲಿ ಅಲ್ಲಿ ಮಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೀಚ್ ಅಂತ ಮಲ್ಪೆ, ಗೋಕರ್ಣ ನೆನೆದು ಟವೆಲ್ಲು, ಒಂದು ಜೊತೆ ಜಾಸ್ತಿ ಬಟ್ಟೆ ತುಂಬಬೇಡಿ. ನೀರು 15 ಡಿಗ್ರಿ ಸುತ್ತಮುತ್ತ. ಕಾಲಿಟ್ಟ ಕೂಡಲೇ ನೀವೇ ಹೊರಗೆ ಬರುತ್ತೀರಿ.

ಸೆಕೆಗೂ ಒಂದು ಜೊತೆ ಕಾಟನ್ ಇರಲಿ. 2017ರ ಸೆಪ್ಟೆಂಬರ್ 1ರಂದು ಅದೇ ಊರಲ್ಲಿ 41 ಡಿಗ್ರಿ ಮುಟ್ಟಿತ್ತು, ಅಲ್ಲಿನ ಎಷ್ಟೋ ಮನೆಗಳಲ್ಲಿ ಎಸಿ ಇಲ್ಲ. ಹಳದಿ ಕೆಂಪು ಎಲೆಗಳ ಫೋಟೋಗೆ ಅಂತ ಕೆಂಪು ಸ್ಟೋಲ್ ಕೊಳ್ಳುವ ಮಾತೂ ಬರೆದಿದ್ದೀರಿ. ಸೆಪ್ಟೆಂಬರ್‌ನಲ್ಲಿ ಆ ಎಲೆ ಅಲ್ಲಿ ಕಾಣುವುದಿಲ್ಲ. ಆದರೂ ಸ್ಟೋಲ್ ಕೊಳ್ಳಿ, ಕಿವಿಗೆ ಕಟ್ಟಿಕೊಳ್ಳಲು ಆಗುತ್ತದೆ. ಸೇತುವೆಗೆ ಬೆಳಿಗ್ಗೆ ಬೇಡ, ಮಧ್ಯಾಹ್ನ ಎರಡರ ಮೇಲೆ ಹೋಗಿ. ಹೊರಡುವ ಮುಂಚೆ ಫೋನಿನಲ್ಲಿ ಫ್ರೀಮಾಂಟ್ ಬಿಟ್ಟು ಸೇತುವೆ ಹತ್ತಿರದ ಜಾಗದ ಹೆಸರು ಹಾಕಿ ನೋಡಿ. ಆಮೇಲೆ ಸೋಫಾ ಕಡೆ ಒಂದು ಸಲ ತಿರುಗಿ ನೋಡಿ.