ಬರ್ಲಿನ್ ಗ್ಯಾಲರಿ ವೀಕೆಂಡ್‌ಗೆ ಒಂದು ವಾರ ಮುಂಚೆ ಹೋಗಬೇಡಿ, ಒಂದು ವಾರ ಬಿಟ್ಟು ಹೋಗಿ

ಬರ್ಲಿನ್‌ನ ಕಲಾ ಗ್ಯಾಲರಿಗಳ ಹಬ್ಬವಾದ ಗ್ಯಾಲರಿ ವೀಕೆಂಡ್ ಸಮಯದಲ್ಲಿ ಹೋಟೆಲ್ ದುಬಾರಿ, ಜನವೂ ಜಾಸ್ತಿ. ಹಾಗಾಗಿ ಒಂದು ವಾರ ಮುಂಚೆ ಹೋಗಿ, ಮೂರು ದಿನದ ಮ್ಯೂಸಿಯಂ ಪಾಸ್ ತೆಗೆದುಕೊಂಡು ಬರ್ಲಿನ್‌ನ ಇವತ್ತಿನ ಕಲೆ ನೋಡಿಬಿಡಬಹುದಾ ಅಂತ ಕೇಳಿದ್ದೀರಿ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ತಾನೇ? ಮಾಡಬೇಡಿ. ನಾನು ಹಾಕಿದ್ದೂ ಇದೇ ಲೆಕ್ಕ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ಬೇಸಿಗೆ ರಜೆಗೆ ಹೊಂದಿಸಿಕೊಂಡು, ಏಪ್ರಿಲ್ ಮೂರನೇ ವಾರ ಬರ್ಲಿನ್‌ಗೆ ಹೋದೆ. ಈ ಗ್ಯಾಲರಿ ವೀಕೆಂಡ್ 2005ರಿಂದ ನಡೆಯುತ್ತಿದೆ. ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರಾಂತ್ಯದಲ್ಲಿ ಬರುತ್ತದೆ. ಸುಮಾರು 50 ಗ್ಯಾಲರಿಗಳು ಒಟ್ಟಿಗೆ ಹೊಸ ಪ್ರದರ್ಶನ ಶುರು ಮಾಡುತ್ತವೆ. ಗ್ಯಾಲರಿಗಳು ಹೇಗೂ ಅಲ್ಲೇ ಇರುತ್ತವಲ್ಲ, ಹಬ್ಬಕ್ಕೆ ಮೊದಲೇ ಹೋದರೆ ನೆಮ್ಮದಿಯಾಗಿ ನೋಡಬಹುದು ಅಂತ ನಾನಂದುಕೊಂಡೆ.

ಲೆಕ್ಕ ತಪ್ಪಿದ್ದೇ ಇಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಗ್ಯಾಲರಿ ಅಂದರೆ ಮ್ಯೂಸಿಯಂ ಅಲ್ಲ, ಅಲ್ಲಿ ಯಾವಾಗಲೂ ಏನೋ ಒಂದು ತೂಗುಹಾಕಿರುವುದಿಲ್ಲ. ಒಂದು ಪ್ರದರ್ಶನ ಮುಗಿದ ಮೇಲೆ ಇಳಿಸಬೇಕು. ಗೋಡೆಯ ಮೊಳೆ ತೂತು ಮುಚ್ಚಿ ಸುಣ್ಣಬಣ್ಣ ಮಾಡಬೇಕು. ಹೊಸ ಕೃತಿಗಳ ಪೆಟ್ಟಿಗೆ ಬಿಚ್ಚಬೇಕು, ಲೈಟು ಸರಿ ಮಾಡಬೇಕು. ಅಷ್ಟೂ ದಿನ ಬಾಗಿಲು ಹಾಕಿರುತ್ತಾರೆ. ಬೇರೆ ತಿಂಗಳಲ್ಲಿ ಆದರೆ ಒಂದು ಮುಚ್ಚಿದ್ದರೆ ಪಕ್ಕದ್ದು ತೆರೆದಿರುತ್ತದೆ. ಆದರೆ ಎಲ್ಲರೂ ಒಂದೇ ಶುಕ್ರವಾರ ಸಂಜೆ ಬಾಗಿಲು ತೆರೆಯುವುದಾದರೆ, ಅದರ ಹಿಂದಿನ ವಾರ ಬಹಳಷ್ಟು ಕಡೆ ಒಟ್ಟಿಗೇ ಬಾಗಿಲು ಬಂದ್. ಊರಿನ ಕಲಾಲೋಕಕ್ಕೆ ವರ್ಷದಲ್ಲೇ ಮುಖ್ಯವಾದ ವಾರಾಂತ್ಯ, ಅದಕ್ಕೆ ಮುಂಚಿನ ವಾರವೇ ನೋಡಲು ಏನೂ ಇಲ್ಲ!

ಪೊಟ್ಸ್‌ಡಾಮರ್ ರಸ್ತೆಯಲ್ಲಿ ಒಂದು ಗ್ಯಾಲರಿಯ ಗಾಜಿಗೆ ಒಳಗಿನಿಂದ ಕಂದು ಕಾಗದ ಅಂಟಿಸಿದ್ದರು. ಮೂಲೆಯ ಸಂದಿನಲ್ಲಿ ಇಣುಕಿ ನೋಡಿದೆ. ಏಣಿಯ ಮೇಲೊಬ್ಬ, ಕೆಳಗೊಬ್ಬ. ದೊಡ್ಡ ಕ್ಯಾನ್ವಾಸಿನ ಮೇಲಂಚಿಗೆ ರಸಮಟ್ಟ ಇಟ್ಟು, ಕೂದಲೆಳೆಯಷ್ಟು ಎತ್ತಿ, ಮತ್ತೆ ಇಳಿಸಿ ನೋಡುತ್ತಿದ್ದರು. ನನ್ನನ್ನು ನೋಡಿ ಒಬ್ಬ ಕೈಯಾಡಿಸಿ "ನೆಕ್ಸ್ಟ್ ಫ್ರೈಡೇ" ಅಂದ. ಆ ಶುಕ್ರವಾರದ ಹೊತ್ತಿಗೆ ನಾನು ವಾಪಸ್ ನಮ್ಮೂರಲ್ಲಿದ್ದೆ. ವೀಸಾ, ವಾಪಸ್ ಟಿಕೆಟ್ ಯಾವುದನ್ನೂ ಬದಲಿಸುವ ಹಾಗಿರಲಿಲ್ಲ. ಆ ಸಂಕಟ ನಿಮಗೆ ಬೇಡ.

ಪಾಸ್ ಕೂಡ ಬೇಡ ಅನ್ನುತ್ತೇನೆ. ಅದು ಸತತ ಮೂರು ದಿನದ್ದು, ತೆಗೆದುಕೊಂಡ ಮೇಲೆ ದುಡ್ಡು ವಸೂಲಿ ಮಾಡಲೇಬೇಕು ಅನಿಸುತ್ತದೆ. ಕಾಲು ತಾನಾಗಿ ಮ್ಯೂಸಿಯಂಗಳಲ್ಲಿರುವ ಈಜಿಪ್ಟಿನ ಹಳೇ ಶಿಲ್ಪಗಳ ಕಡೆ ಹೋಗುತ್ತದೆ. ಅವು ಚೆನ್ನಾಗಿಲ್ಲ ಅಂತಲ್ಲ, ನೀವು ಕೇಳಿದ್ದು ಇವತ್ತಿನ ಕಲೆಯನ್ನು. ಅದು ಹೆಚ್ಚಾಗಿ ಇರುವುದು ಖಾಸಗಿ ಗ್ಯಾಲರಿಗಳಲ್ಲಿ. ಅಲ್ಲಿ ಪ್ರವೇಶ ಉಚಿತ.

ಆಮೇಲೆ ತಮ್ಮನಿಗೆ ಲೈಪ್ಜಿಗ್‌ನಲ್ಲಿ ಕೆಲಸ ಸಿಕ್ಕಿತು. ಅವನ ಮನೆಯಲ್ಲಿ ಉಳಿದುಕೊಂಡು ಮತ್ತೆ ಬರ್ಲಿನ್‌ಗೆ ಹೋದೆ, ಈ ಸಲ ಮೇ ಎರಡನೇ ವಾರ. ಎಲ್ಲ ಗೋಡೆಗಳೂ ತುಂಬಿದ್ದವು! ವೀಕೆಂಡ್‌ಗೆ ಶುರುವಾದ ಪ್ರದರ್ಶನಗಳಲ್ಲಿ ಹೆಚ್ಚಿನವು ಜೂನ್‌ವರೆಗೂ ಇರುತ್ತವೆ. ಜನ ಹೋಗಿಯಾಗಿತ್ತು, ಕೃತಿಗಳು ಅಲ್ಲೇ ಇದ್ದವು. ಬೀದಿಯುದ್ದಕ್ಕೂ ಚೆಸ್ಟ್‌ನಟ್ ಮರಗಳು ಹೂಬಿಟ್ಟಿದ್ದವು, ಕತ್ತಲಾಗುವಾಗ ರಾತ್ರಿ ಒಂಬತ್ತು ದಾಟುತ್ತಿತ್ತು.

ಒಂದು ವಿಷಯಕ್ಕೆ ಹೆದರಬೇಡಿ. ಎಷ್ಟೋ ಗ್ಯಾಲರಿಗಳಿಗೆ ಬೀದಿಗೆ ಬೋರ್ಡೇ ಇಲ್ಲ. ಹಳೇ ವಠಾರದ ದೊಡ್ಡ ಬಾಗಿಲು, ಪಕ್ಕದಲ್ಲಿ ಕಾಲಿಂಗ್ ಬೆಲ್‌ಗಳ ಸಾಲು, ಬಾಡಿಗೆದಾರರ ಹೆಸರುಗಳ ಮಧ್ಯೆ ಗ್ಯಾಲರಿ ಹೆಸರು. ಒತ್ತಿ. ಗುರ್ ಅಂತ ಸದ್ದಾದ ತಕ್ಷಣ ಬಾಗಿಲು ತಳ್ಳಿ, ಮೆಟ್ಟಿಲು ಹತ್ತಿ. ಮೇಜಿನ ಹಿಂದೆ ಕೂತವರು ಹಲೋ ಅನ್ನುತ್ತಾರೆ ಅಷ್ಟೇ. ಕೊಳ್ಳುತ್ತೀರಾ ಅಂತ ಯಾರೂ ಕೇಳುವುದಿಲ್ಲ. ಕೃತಿಗಳ ಹೆಸರಿರುವ ಒಂದು ಹಾಳೆ ಇಟ್ಟಿರುತ್ತಾರೆ, ತೆಗೆದುಕೊಂಡು ಎಷ್ಟು ಹೊತ್ತು ಬೇಕಾದರೂ ನೋಡಿ.

"ಮೊದಲು ಓದಿಕೊಂಡು ಹೋಗಬೇಕಾ, ಅರ್ಥ ಆಗುತ್ತಾ" ಅಂತಲೂ ಬರೆದಿದ್ದೀರಿ. ಬೇಕಾಗಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಕಲಾವಿದೆ ಶೀಲಾ ಗೌಡ ಸಗಣಿ, ಕುಂಕುಮ, ಕೂದಲ ಹಗ್ಗದಲ್ಲಿ ಕೃತಿ ಮಾಡಿದವರು. 2020ರಲ್ಲಿ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಮ್ಯೂಸಿಯಂ ಅವರ ಪ್ರದರ್ಶನ ಏರ್ಪಡಿಸಿತ್ತು. ಸಗಣಿಯ ವಾಸನೆ, ಅದು ಒಣಗುವ ರೀತಿ ನಿಮಗೆ ಗೊತ್ತು. ಬೇರೆಯವರ ಕೃತಿ ಮುಂದೆಯೂ ಅಲ್ಲಿಂದಲೇ ಶುರು ಮಾಡಿ: ಇದು ಯಾವ ವಸ್ತು, ಇದನ್ನು ಹೇಗೆ ಮಾಡಿದರು?

ವಾರದ ದಿನಗಳನ್ನು ಮಾತ್ರ ಸರಿಯಾಗಿ ಆರಿಸಿಕೊಳ್ಳಿ. ಹೆಚ್ಚಿನ ಗ್ಯಾಲರಿಗಳಿಗೆ ಭಾನುವಾರ, ಸೋಮವಾರ ರಜೆ. ಹಳೇ ರೈಲು ನಿಲ್ದಾಣದಲ್ಲಿ 1996ರಲ್ಲಿ ಶುರುವಾದ ಹಾಂಬುರ್ಗರ್ ಬಾನ್‌ಹೋಫ್ ಮ್ಯೂಸಿಯಂ ಸೋಮವಾರ ಇಲ್ಲ. ಔಗುಸ್ಟ್ ರಸ್ತೆಯ ಹಳೇ ಮಾರ್ಗರೀನ್ ಕಾರ್ಖಾನೆಯಲ್ಲಿರುವ ಕಲಾ ಕೇಂದ್ರ ಕೆ.ಡಬ್ಲ್ಯು. ಮಂಗಳವಾರ ಇಲ್ಲ. ಗುರುವಾರದಿಂದ ಶನಿವಾರ ನಿಮ್ಮ ಮೂರು ದಿನಕ್ಕೆ ಸರಿ. ಕ್ರಾಯ್ಟ್ಸ್‌ಬರ್ಗ್‌ನ ಸೇಂಟ್ ಆಗ್ನೆಸ್ ಬಿಡಬೇಡಿ. 1960ರ ದಶಕದ ಕಾಂಕ್ರೀಟ್ ಚರ್ಚು, 2015ರಿಂದ ಗ್ಯಾಲರಿ.

ಮತ್ತೆ ಬೋರೋಸ್ ಬಂಕರ್. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಯಿಂದ ಜನರನ್ನು ಕಾಪಾಡಲು ಕಟ್ಟಿದ ಆಶ್ರಯ, ಆಮೇಲೆ ಪೂರ್ವ ಜರ್ಮನಿಯ ಹಣ್ಣಿನ ಗೋದಾಮು, ಬರ್ಲಿನ್ ಗೋಡೆ ಬಿದ್ದ ಮೇಲೆ ಟೆಕ್ನೋ ಕ್ಲಬ್, 2008ರಿಂದ ಒಂದು ಖಾಸಗಿ ಕಲಾ ಸಂಗ್ರಹ. ಗೈಡ್ ಜೊತೆ ಚಿಕ್ಕ ಗುಂಪಾಗಿ ಮಾತ್ರ ಬಿಡುತ್ತಾರೆ. ಸ್ಲಾಟ್ ಬೇಗ ತುಂಬಿಹೋಗುತ್ತದೆ. ವಿಮಾನದ ಟಿಕೆಟ್ ಆದ ದಿನವೇ ಅದನ್ನೂ ಬುಕ್ ಮಾಡಿ.