ನಮ್ಮದು ಇಳಿಯುತ್ತದೆ, ಅವರದು ಏರುತ್ತದೆ: ಸಂಬಳ ಕಡಿತದ ಬಗ್ಗೆ ಓದುಗರ ಪ್ರಶ್ನೆಗಳು

ಆರ್ಥಿಕ ಹಿಂಜರಿತದ ಹೆಸರಿನಲ್ಲಿ ಸಂಬಳ ಕಡಿತ, ಅದೇ ಹೊತ್ತಿಗೆ ಜನಪ್ರತಿನಿಧಿಗಳ ವೇತನ ಏರಿಕೆ. ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು, ಕಾರ್ಮಿಕ ಕಾನೂನು ಮತ್ತು ವೇತನ ಲೆಕ್ಕ ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ಪ್ರಶ್ನೆ: ಹಿಂಜರಿತದಲ್ಲಿ ಸಂಬಳವನ್ನು ಶೇ 20ರಷ್ಟು ಇಳಿಸಿದ್ದರು. ಎರಡು ವರ್ಷದ ನಂತರ ಶೇ 20 ಏರಿಸಿ, ‘ಲೆಕ್ಕ ಚುಕ್ತಾ’ ಎನ್ನುತ್ತಿದ್ದಾರೆ. ಕೈಗೆ ಬರುವುದು ಮಾತ್ರ ಮೊದಲಿಗಿಂತ ಕಡಿಮೆ. ಎಲ್ಲಿ ತಪ್ಪಿದೆ?

ಶೇಕಡಾ ಲೆಕ್ಕದಲ್ಲೇ ತಪ್ಪಿದೆ. 40,000ದಲ್ಲಿ ಶೇ 20 ಹೋದರೆ 32,000. ಆ 32,000ಕ್ಕೆ ಶೇ 20 ಸೇರಿಸಿದರೆ 38,400. ತಿಂಗಳಿಗೆ 1,600 ಖೋತಾ. ಇಳಿಸುವಾಗ ದೊಡ್ಡ ಮೊತ್ತದ ಮೇಲೆ, ಏರಿಸುವಾಗ ಸಣ್ಣ ಮೊತ್ತದ ಮೇಲೆ ಲೆಕ್ಕ ಹಾಕಿದ್ದಾರೆ. ಶೇ 20ರ ಕಡಿತ ತುಂಬಲು ಶೇ 25ರ ಏರಿಕೆ ಬೇಕು. ಶೇ 10ಕ್ಕೆ 11.1, ಶೇ 30ಕ್ಕೆ 42.9.

ಬೆಲೆ ಏರಿಕೆಯನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದ್ದರೆ, ಹಳೆಯ 40,000ಕ್ಕೆ ಸಿಗುತ್ತಿದ್ದ ಸಾಮಾನು ಕೊಳ್ಳಲು ಈಗ 44,944 ಬೇಕು. ಕಡಿತದ 24 ತಿಂಗಳಲ್ಲಿ ಹೋದ 1,92,000 ಬೇರೆಯೇ ಬಾಬ್ತು. ಅದನ್ನು ಯಾವ ಏರಿಕೆಯೂ ವಾಪಸ್ ತರುವುದಿಲ್ಲ.

ಹಾಗಾಗಿ ಕಡಿತದ ಪತ್ರದಲ್ಲಾಗಲಿ ಮರುಸ್ಥಾಪನೆಯ ಪತ್ರದಲ್ಲಾಗಲಿ ಶೇಕಡಾವಾರು ಬರೆದಿದ್ದರೆ ಒಪ್ಪಬೇಡಿ, ಮೊತ್ತ ಬರೆಸಿ. ‘ಇಂಥ ತಾರೀಖಿನಿಂದ ಮಾಸಿಕ ವೇತನ ಮತ್ತೆ 40,000 ಆಗುತ್ತದೆ’ ಎಂಬ ಒಂದು ಸಾಲು ಸಾಕು. ವಾರ್ಷಿಕ ಬಡ್ತಿಯನ್ನು ಅದರ ಮೇಲೆ ಪ್ರತ್ಯೇಕವಾಗಿ ಕೊಡಬೇಕೆಂದೂ ಸೇರಿಸಿ. ಇಲ್ಲದಿದ್ದರೆ ಹಳೆಯ ಸಂಬಳ ವಾಪಸ್ ಕೊಟ್ಟದ್ದನ್ನೇ ಬಡ್ತಿ ಎಂದು ತೋರಿಸಿ ಮೂಗಿಗೆ ತುಪ್ಪ ಸವರುತ್ತಾರೆ.

ಪ್ರಶ್ನೆ: ‘ಮುಂದಿನ ತಿಂಗಳಿಂದ ವೇತನದಲ್ಲಿ ತಾತ್ಕಾಲಿಕ ಬದಲಾವಣೆ ಇರುತ್ತದೆ, ಸಹಕರಿಸಿ’ ಎಂದು ಎರಡು ಸಾಲಿನ ಇಮೇಲ್ ಬಂದಿದೆ. ಕೆಳಗೆ ‘ಒಪ್ಪಿದೆ’ ಎಂಬ ಬಟನ್ ಇದೆ. ಒತ್ತಬೇಕೇ?

ಈಗಲೇ ಒತ್ತಬೇಡಿ. ಹಾಗೆಂದು ಸುಮ್ಮನೂ ಇರಬೇಡಿ. ಆಕ್ಷೇಪಿಸದೆ ತಿಂಗಳುಗಟ್ಟಲೆ ಇಳಿದ ಸಂಬಳ ತೆಗೆದುಕೊಂಡರೆ, ನಡವಳಿಕೆಯಿಂದಲೇ ಒಪ್ಪಿದ್ದೀರಿ ಎಂದು ವಾದಿಸಲು ಅನೇಕ ದೇಶಗಳ ಕಾನೂನಿನಲ್ಲಿ ಎಡೆಯಿದೆ. ಮೊದಲ ಸಂಬಳ ಬರುವ ಮುಂಚೆಯೇ ಬರಹದಲ್ಲಿ ಉತ್ತರ ಹೋಗಬೇಕು.

ಮೊದಲು ತಿಳಿಯಬೇಕಾದದ್ದು, ಇದು ಯಾವ ಬಗೆಯ ಕಡಿತ ಎಂಬುದು. ಎಲ್ಲಕ್ಕೂ ‘ತಾತ್ಕಾಲಿಕ ಬದಲಾವಣೆ’ ಎಂಬ ಒಂದೇ ಹೆಸರಿಡುತ್ತಾರೆ, ಆದರೆ ಒಳಗಿನ ಹೂರಣ ಬೇರೆ ಬೇರೆ. ಹಣ ಆಮೇಲೆ ಕೊಡುತ್ತೇವೆ ಎಂದರೆ ಅದು ಮುಂದೂಡಿಕೆ, ಅಂದರೆ ಸಂಸ್ಥೆ ನಿಮಗೆ ಸಾಲಗಾರ. ಕೆಲಸದ ಗಂಟೆಯನ್ನೂ ಅಷ್ಟೇ ಇಳಿಸಿದರೆ ಗಂಟೆಯ ದರ ಉಳಿಯುತ್ತದೆ. ಭತ್ಯೆ ಇಲ್ಲವೇ ಬೋನಸ್ ಮಾತ್ರ ಕಡಿದರೆ ಮೂಲವೇತನ ಉಳಿಯುತ್ತದೆ. ಮೂಲವೇತನಕ್ಕೇ ಕೈ ಹಾಕಿದರೆ ಅದು ಎಲ್ಲಕ್ಕಿಂತ ದುಬಾರಿ. ಓ.ಟಿ., ರಜೆ ನಗದೀಕರಣ, ಭವಿಷ್ಯನಿಧಿ, ಪಿಂಚಣಿ, ಕೆಲಸದಿಂದ ತೆಗೆದರೆ ಕೊಡುವ ಪರಿಹಾರ, ಇವುಗಳಲ್ಲಿ ಹೆಚ್ಚಿನವುಗಳ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಶೇ 15 ಇಳಿದದ್ದು ಸಂಬಳ ಮಾತ್ರ ಎಂದುಕೊಂಡಿರುತ್ತೀರಿ. ಅದರ ಜೊತೆಗೆ ಇಷ್ಟೂ ಇಳಿದಿರುತ್ತದೆ.

ಉತ್ತರ ಚಿಕ್ಕದಾಗಿರಲಿ, ಹೀಗೆ:

‘ತಾರೀಖು __ರ ಇಮೇಲ್ ತಲುಪಿದೆ. ಸಂಸ್ಥೆಯ ಪರಿಸ್ಥಿತಿ ಅರ್ಥವಾಗುತ್ತದೆ. ಒಪ್ಪಿಗೆ ತಿಳಿಸುವ ಮೊದಲು ಇವು ಲಿಖಿತವಾಗಿ ಬೇಕು: ಕಡಿತದ ಮೊತ್ತ, ಆರಂಭದ ಮತ್ತು ಮುಕ್ತಾಯದ ತಾರೀಖು, ಕಡಿತ ಮೂಲವೇತನದ್ದೋ ಭತ್ಯೆಯದ್ದೋ, ಗಂಟೆಗಳು ಇಳಿಯುತ್ತವೆಯೇ, ಕಡಿತದ ಅವಧಿಯಲ್ಲಿ ನನ್ನನ್ನು ಕೆಲಸದಿಂದ ತೆಗೆದರೆ ಪರಿಹಾರ ಮತ್ತು ಬಾಕಿಯನ್ನು ಯಾವ ವೇತನದ ಮೇಲೆ ಲೆಕ್ಕ ಹಾಕುತ್ತೀರಿ. ಉತ್ತರ ಬರುವವರೆಗೆ ಜಮೆಯಾಗುವ ಕಡಿಮೆ ವೇತನವನ್ನು ನನ್ನ ಆಕ್ಷೇಪ ಉಳಿಸಿಕೊಂಡೇ ಸ್ವೀಕರಿಸುತ್ತೇನೆ.’

ಕೊನೆಯ ಎರಡು ಅಂಶಗಳೇ ಮುಖ್ಯ. ಕಡಿತವಾಗಿ ಆರು ತಿಂಗಳಿಗೆ ಕೆಲಸದಿಂದಲೂ ತೆಗೆದು, ಇಳಿದ ಸಂಬಳದ ಮೇಲೆ ಪರಿಹಾರ ಕೊಟ್ಟು ಕಳಿಸುವುದುಂಟು. ‘ಕಡಿತಕ್ಕೆ ಮುಂಚಿನ ವೇತನದ ಮೇಲೆ’ ಎಂಬ ನಾಲ್ಕು ಪದ ಆ ಬಾಗಿಲು ಮುಚ್ಚುತ್ತವೆ. ಪತ್ರದ ಪ್ರತಿಯನ್ನು ಸ್ವಂತ ಇಮೇಲ್‌ನಲ್ಲೂ ಇಟ್ಟುಕೊಳ್ಳಿ. ಕೆಲಸ ಹೋದ ದಿನ ಕಚೇರಿಯ ಮೇಲ್‌ಬಾಕ್ಸ್ ಕೂಡ ಹೋಗುತ್ತದೆ.

ಮುಂದಿನ ಸಂಬಳ ಚೀಟಿಯನ್ನು ಸಾಲು ಸಾಲಾಗಿ ಓದಿ. ಮೂಲವೇತನ ಹಳೆಯದೇ ಇದ್ದು, ಕೆಳಗೆ ‘ತಾತ್ಕಾಲಿಕ ಕಡಿತ’ ಎಂದು ಪ್ರತ್ಯೇಕ ಸಾಲು ಇರಬೇಕು. ಮೂಲವೇತನದ ಸಾಲಿನಲ್ಲೇ ಹೊಸ ಅಂಕಿ ಕೂತಿದ್ದರೆ, ಮುಂದಿನ ವರ್ಷದ ಹೊತ್ತಿಗೆ ಅದೇ ನಿಮ್ಮ ಸಂಬಳವಾಗಿರುತ್ತದೆ. ಬಾಯಿಮಾತಿನ ‘ತಾತ್ಕಾಲಿಕ’ಕ್ಕೆ ಆಗ ಸಾಕ್ಷಿಯಿಲ್ಲ. ಹಳೆಯ ನೇಮಕಾತಿ ಪತ್ರದ ಬದಲು ‘ಹೊಸ ಒಪ್ಪಂದ’ಕ್ಕೆ ಸಹಿ ಕೇಳಿದರೆ ಇನ್ನೂ ಎಚ್ಚರ, ಅದರಲ್ಲಿ ಸೇವಾವಧಿ ಹೊಸದಾಗಿ ಎಣಿಕೆಯಾಗುವ ಷರತ್ತು ಇರಬಹುದು.

ಇನ್ನೊಂದು ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ ವೇತನ ರಕ್ಷಣೆ ಒಡಂಬಡಿಕೆ (ಸಂಖ್ಯೆ 95) ಪ್ರಕಾರ, ಕಾನೂನೋ ಸಾಮೂಹಿಕ ಒಪ್ಪಂದವೋ ಇಲ್ಲವೇ ಮಧ್ಯಸ್ಥಗಾರರ ತೀರ್ಪೋ ವಿಧಿಸಿದ ಮಿತಿಯೊಳಗೆ ಮಾತ್ರ ಸಂಬಳದಲ್ಲಿ ಹಣ ಹಿಡಿದುಕೊಳ್ಳಬಹುದು. 1970ರ ಒಡಂಬಡಿಕೆ 131ರಂತೆ ಕನಿಷ್ಠ ವೇತನವನ್ನು ಇಳಿಸುವಂತಿಲ್ಲ. ಇವು ನೇರವಾಗಿ ಜಾರಿಯಾಗುವ ಕಾನೂನಲ್ಲ, ಆಯಾ ದೇಶ ಒಪ್ಪಿ ತನ್ನ ಕಾನೂನಿನಲ್ಲಿ ಬರೆದುಕೊಂಡಿರಬೇಕು. ಆದರೂ ಕಾರ್ಮಿಕ ಇಲಾಖೆಗೆ ದೂರು ಬರೆಯುವ ಮುನ್ನ, ಕಡಿತದ ನಂತರದ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗಿಳಿದಿದೆಯೇ ಎಂದು ನೋಡಿ. ಇಳಿದಿದ್ದರೆ ನಿಮ್ಮ ಕೈ ಬಲವಾಗಿದೆ.

ಪ್ರಶ್ನೆ: ‘ಕಡಿತ ಒಪ್ಪದಿದ್ದರೆ ಹತ್ತು ಜನರನ್ನು ತೆಗೆಯಬೇಕಾಗುತ್ತದೆ’ ಎನ್ನುತ್ತಾರೆ. ನಿಜವೋ ಬೆದರಿಕೆಯೋ ತಿಳಿಯುವುದು ಹೇಗೆ?

ಒಂದು ಅಂಕಿ ಕೇಳಿ: ಒಟ್ಟು ಖರ್ಚಿನಲ್ಲಿ ಸಂಬಳದ ಪಾಲೆಷ್ಟು? ಖರ್ಚು 100 ಇದ್ದು ಸಂಬಳ 25 ಆಗಿದ್ದರೆ, ಎಲ್ಲರ ಸಂಬಳವನ್ನು ಶೇ 20 ಇಳಿಸಿದರೂ ಉಳಿಯುವುದು ಬರೀ 5. ವ್ಯಾಪಾರ 40ರಷ್ಟು ಬಿದ್ದಿದ್ದರೆ ಆ 5 ಯಾವ ಮೂಲೆಗೂ ಸಾಲದು. ಕಡಿತವೂ ಆಗುತ್ತದೆ, ಹತ್ತು ಜನರೂ ಹೋಗುತ್ತಾರೆ. ಖರ್ಚಿನಲ್ಲಿ ಸಂಬಳದ್ದೇ 70ರ ಪಾಲಾದರೆ ಮಾತಿನಲ್ಲಿ ಹುರುಳಿದೆ: ಅದೇ ಶೇ 20 ಅಲ್ಲಿ 14 ಉಳಿಸುತ್ತದೆ.

ಎರಡನೆಯದು, ಮೇಲಿನವರಿಗೆ ಎಷ್ಟು ಕಡಿತ? ಎಲ್ಲರಿಗೂ ಒಂದೇ ಶೇಕಡಾ ಎಂದರೆ ನ್ಯಾಯವೆಂದು ಕಾಣುತ್ತದೆ, ಆದರೆ ಕೆಳಗಿನವರ ಕಡಿತ ನೇರವಾಗಿ ಊಟ, ಬಾಡಿಗೆಗೆ ತಟ್ಟುತ್ತದೆ. ಐರ್ಲೆಂಡ್ 2010ರ ಜನವರಿಯಿಂದ ಸರ್ಕಾರಿ ನೌಕರರ ಸಂಬಳ ಇಳಿಸಿದಾಗ ತೆರಿಗೆಯ ಹಾಗೆ ಹಂತಗಳನ್ನು ಮಾಡಿತ್ತು: ಮೊದಲ 30,000 ಯೂರೋಗೆ ಶೇ 5, ನಂತರದ 40,000ಕ್ಕೆ 7.5, ಅದರ ಮೇಲಿನ 55,000ಕ್ಕೆ 10. ವರ್ಷಕ್ಕೆ 30,000 ಪಡೆಯುವವರಿಗೆ 1,500 ಹೋಯಿತು, ಅಂದರೆ ಶೇ 5. 70,000 ಪಡೆಯುವವರಿಗೆ 4,500, ಸುಮಾರು ಶೇ 6.4. ಸಂಘ ಮಾತುಕತೆಗೆ ಕೂರುವಾಗ ಈ ಬಗೆಯ ಕೋಷ್ಟಕ ಕೈಯಲ್ಲಿರಲಿ. ‘ಬೇಡ’ ಎಂದಷ್ಟೇ ಹೇಳುವವರಿಗಿಂತ ಪರ್ಯಾಯ ಲೆಕ್ಕ ಮುಂದಿಡುವವರ ಮಾತು ನಡೆಯುತ್ತದೆ.

ಗಂಟೆ ಇಳಿಸಿ ಜನರನ್ನು ಉಳಿಸುವ ಸರ್ಕಾರಿ ಯೋಜನೆ ಇದೆಯೇ ಎಂದೂ ವಿಚಾರಿಸಿ. ಜರ್ಮನಿಯ ‘ಕುರ್ಜ್‌ಆರ್ಬೈಟ್’ನಲ್ಲಿ, ಇಳಿದ ಗಂಟೆಗಳಿಗೆ ಕೈತಪ್ಪಿದ ನಿವ್ವಳ ವೇತನದ ಶೇ 60ನ್ನು, ಮಕ್ಕಳಿದ್ದವರಿಗೆ ಶೇ 67ನ್ನು ನಿರುದ್ಯೋಗ ವಿಮೆ ತುಂಬಿಕೊಡುತ್ತದೆ.

ಪ್ರಶ್ನೆ: ಸಾಮಾನ್ಯರ ಸಂಬಳ ಬೀಳುವಾಗಲೇ ರಾಜಕಾರಣಿಗಳ ಸಂಬಳ ಏರುವುದು ಕಾಕತಾಳೀಯವೇ?

ಅರ್ಧ ಅಲ್ಲ, ಅರ್ಧ ಹೌದು.

ಅಲ್ಲ ಎನ್ನಲು ಕಾರಣ, ಬಹಳ ಕಡೆ ತಮ್ಮ ಸಂಬಳದ ಮಸೂದೆಗೆ ತಾವೇ ಕೈ ಎತ್ತುತ್ತಾರೆ. ಅಮೆರಿಕದಲ್ಲಿ ಇದಕ್ಕೊಂದು ಕಡಿವಾಣ ಹಾಕಲಾಗಿದೆ: ಸಂಸತ್ತು ಮಾಡಿಕೊಂಡ ವೇತನ ಬದಲಾವಣೆ ಮುಂದಿನ ಚುನಾವಣೆ ಮುಗಿಯುವವರೆಗೆ ಜಾರಿಯಾಗುವಂತಿಲ್ಲ. 1789ರಲ್ಲಿ ಪ್ರಸ್ತಾಪವಾದ ಈ ತಿದ್ದುಪಡಿಗೆ ಅನುಮೋದನೆ ಸಿಕ್ಕಿದ್ದು 1992ರಲ್ಲಿ. ಇನ್ನೂರು ವರ್ಷದ ಕಡತ ವಿಲೇವಾರಿ! ಅಲ್ಲಿನ ಸದಸ್ಯರ ಸಂಬಳ 2009ರಲ್ಲಿ 1,74,000 ಡಾಲರ್ ಆಯಿತು. ಆಮೇಲಿನ ವರ್ಷಗಳಲ್ಲಿ ತಾನಾಗಿ ಆಗಬೇಕಿದ್ದ ಹೊಂದಾಣಿಕೆಯನ್ನು ಮತದಾರರ ಮುಖ ನೋಡಿ ತಾವೇ ತಡೆದುಕೊಂಡು ಬಂದಿದ್ದಾರೆ. ಎಲ್ಲೆಡೆ ಏರುತ್ತಲೇ ಇರುತ್ತದೆ ಎನ್ನುವುದು ಹಾಗಾಗಿ ಪೂರ್ತಿ ನಿಜವಲ್ಲ.

ಬ್ರಿಟನ್‌ನಲ್ಲಿ 2009ರ ಖರ್ಚು-ಬಿಲ್ಲುಗಳ ಹಗರಣದ ಬಳಿಕ ಸಂಸದರ ವೇತನ ನಿರ್ಧಾರವನ್ನು ಐಪಿಎಸ್‌ಎ ಎಂಬ ಸ್ವತಂತ್ರ ಪ್ರಾಧಿಕಾರಕ್ಕೆ ಒಪ್ಪಿಸಿದರು. ಆ ಪ್ರಾಧಿಕಾರ 2015ರಲ್ಲಿ ಸಂಬಳವನ್ನು 67,060 ಪೌಂಡ್‌ನಿಂದ 74,000ಕ್ಕೆ ಏರಿಸಿತು. ಸರ್ಕಾರಿ ನೌಕರರ ಏರಿಕೆಗೆ ಆಗ ಶೇ 1ರ ಮಿತಿ ಇತ್ತು. ಪಿಂಚಣಿ ಮತ್ತಿತರ ಸವಲತ್ತು ಕಡಿದು ಸರಿದೂಗಿಸಿದ್ದೇವೆ ಎಂಬುದು ಪ್ರಾಧಿಕಾರದ ಸಮಜಾಯಿಷಿ. ಲೆಕ್ಕ ಸರಿಯಿರಬಹುದು, ಹೊತ್ತು ಸರಿಯಿರಲಿಲ್ಲ.

ಕಾಕತಾಳೀಯ ಎನ್ನುವ ಅರ್ಧಕ್ಕೆ ಕಾರಣ ಸೂಚ್ಯಂಕ. ಸರಾಸರಿ ವೇತನಕ್ಕೆ ಸಂಬಳವನ್ನು ಕಟ್ಟಿಹಾಕಿದರೆ ನ್ಯಾಯ ಸಿಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಹಿಂಜರಿತದಲ್ಲಿ ಸರಾಸರಿ ಹೇಗೆ ಮೋಸ ಮಾಡುತ್ತದೆ ನೋಡಿ. ಒಂದು ಕಡೆ ಹತ್ತು ಜನ; ಐವರಿಗೆ 20,000, ಐವರಿಗೆ 60,000. ಸರಾಸರಿ 40,000. ಕಷ್ಟಕಾಲ ಬಂತು. ಕಡಿಮೆ ಸಂಬಳದ ಮೂವರನ್ನು ತೆಗೆದರು, ಉಳಿದ ಏಳು ಜನರಿಗೆ ಶೇ 5 ಕಡಿದರು. ಈಗ ಇಬ್ಬರಿಗೆ 19,000, ಐವರಿಗೆ 57,000, ಒಟ್ಟು 3,23,000. ಏಳರಿಂದ ಭಾಗಿಸಿದರೆ ಸುಮಾರು 46,143. ಒಬ್ಬರಿಗೂ ಒಂದು ಪೈಸೆ ಏರಲಿಲ್ಲ, ಮೂವರು ಮನೆಗೆ ಹೋದರು, ಆದರೂ ‘ಸರಾಸರಿ ವೇತನ ಶೇ 15 ಹೆಚ್ಚಳ’! ಈ ಸರಾಸರಿಗೆ ಗಂಟು ಹಾಕಿದ ಸಂಬಳವೂ ಜೊತೆಗೇ ಏರುತ್ತದೆ. ಸೂಚ್ಯಂಕ ಹಿಂದಿನ ವರ್ಷದ್ದಾದರಂತೂ ಏರುವ ಕಾಲದ ಅಂಕಿ ಬೀಳುವ ಕಾಲದಲ್ಲಿ ಕೈಗೆ ಬರುತ್ತದೆ. ಬ್ರಿಟನ್‌ನಲ್ಲಿ 2020ರಲ್ಲೂ ಸೂತ್ರದ ಪ್ರಕಾರ ಏರಿಕೆಯ ಪ್ರಸ್ತಾವ ಬಂದು, ಜನ ರೇಗಿದ್ದರಿಂದ ಡಿಸೆಂಬರ್‌ನಲ್ಲಿ ಕೈಬಿಟ್ಟರು.

ಪ್ರಶ್ನೆ: 2020ರಲ್ಲಿ ರಾಜಕಾರಣಿಗಳೂ ಸಂಬಳ ಬಿಟ್ಟುಕೊಟ್ಟರಲ್ಲ? ಅದು ಬರೀ ತೋರಿಕೆಯೇ?

ಬೊಕ್ಕಸದ ಲೆಕ್ಕದಲ್ಲಿ ಹೆಚ್ಚುಕಡಿಮೆ ತೋರಿಕೆಯೇ. ಭಾರತದ ಸಂಸದರ ಮಾಸಿಕ ವೇತನ ಆಗ 1,00,000. ಒಂದು ವರ್ಷ ಶೇ 30 ಕಡಿದರು. 788 ಸ್ಥಾನಗಳೂ ಭರ್ತಿಯಿದ್ದವು ಎಂದುಕೊಂಡರೂ ಉಳಿದದ್ದು ಸುಮಾರು 28 ಕೋಟಿ ರೂಪಾಯಿ. ನ್ಯೂಜಿಲೆಂಡ್‌ನಲ್ಲಿ ಪ್ರಧಾನಿ, ಸಚಿವರು ಆರು ತಿಂಗಳು ಶೇ 20 ಬಿಟ್ಟುಕೊಟ್ಟರು. ಐರ್ಲೆಂಡ್‌ನ ಆ 2010ರ ಕಡಿತದಲ್ಲಿ ಪ್ರಧಾನಿಗೆ ಶೇ 20, ಸಚಿವರಿಗೆ ಶೇ 15. ತಾನೂ ಹೊತ್ತೆ ಎಂದು ತೋರಿಸದೆ ಬೇರೆಯವರ ಮೇಲೆ ಹೊರೆ ಹಾಕಲು ಮುಖ ಬೇಡವೇ? ಅಷ್ಟು ಮಟ್ಟಿಗೆ ಇವಕ್ಕೆ ಬೆಲೆಯಿದೆ.

ಕೆಲಸಗಾರರು ಗಮನಿಸಬೇಕಾದದ್ದು ಆ ಕಡಿತದ ಕಟ್ಟು. ಭಾರತದ್ದನ್ನೇ ನೋಡಿ. ಪ್ರಮಾಣ ಬರೆದಿತ್ತು, ಅವಧಿ ಬರೆದಿತ್ತು, 1,00,000 ಎಂಬ ಬುಡದ ಅಂಕಿಯನ್ನು ಯಾರೂ ಮುಟ್ಟಲಿಲ್ಲ. ಐದು ವರ್ಷಕ್ಕೊಮ್ಮೆ, ಬೆಲೆ ಏರಿಕೆ ತೋರಿಸುವ ವೆಚ್ಚ ಹಣದುಬ್ಬರ ಸೂಚ್ಯಂಕದಂತೆ ಪರಿಷ್ಕರಿಸಬೇಕು ಎಂಬ 2018ರ ನಿಯಮ ತನ್ನ ಪಾಡಿಗೆ ಇತ್ತು. ಆ ಸೂಚ್ಯಂಕ 2018-19ರಲ್ಲಿ 280, 2023-24ರಲ್ಲಿ 348. ಏರಿಕೆ ಶೇ 24.3. 2025ರ ಮಾರ್ಚ್‌ನಲ್ಲಿ 1,24,000 ಎಂದು ಅಧಿಸೂಚನೆ ಬಂತು, ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯವಾಗಿ. ನಡುವಿನ ಕಡಿತದ ಕಲೆಯೂ ಅದರಲ್ಲಿ ಕಾಣುವುದಿಲ್ಲ. ನಿಮ್ಮ ಕಡಿತದ ಪತ್ರದಲ್ಲಿ ಇರಬೇಕಾದದ್ದೂ ಇವೇ: ಮೊತ್ತ, ಮುಕ್ತಾಯದ ತಾರೀಖು, ಮುಟ್ಟದ ಮೂಲವೇತನ, ಹಳೆಯ ಅಂಕಿಯ ಮೇಲೆಯೇ ಮುಂದಿನ ಪರಿಷ್ಕರಣೆ. ಅವರ ಸಂಬಳ ನೋಡಿ ಹೊಟ್ಟೆ ಉರಿದುಕೊಳ್ಳುವ ಬದಲು ಅವರ ಕರಡನ್ನು ನಕಲು ಮಾಡುವುದು ಲಾಭ.

ಪ್ರಶ್ನೆ: ಅವಮಾನವಾಗಿದೆ. ನಾಳೆಯೇ ರಾಜೀನಾಮೆ ಬಿಸಾಡಲೇ?

ಬಡವನ ಕೋಪ ದವಡೆಗೆ ಮೂಲ. ತಾವಾಗಿ ಬಿಟ್ಟವರಿಗೆ ಪರಿಹಾರವಾಗಲಿ ನಿರುದ್ಯೋಗ ಭತ್ಯೆಯಾಗಲಿ ಅನೇಕ ಕಡೆ ಸಿಗುವುದಿಲ್ಲ. ಇಳಿದ ಸಂಬಳದಲ್ಲೇ ಕೂತು ಬೇರೆ ಕೆಲಸ ಹುಡುಕಿ. ಹಳೆಯ ಸಂಬಳ ಚೀಟಿಗಳನ್ನು ತೆಗೆದಿಡಿ. ಹೊಸ ಕಡೆ ಮಾತುಕತೆಯನ್ನು ಅವುಗಳಿಂದ ಶುರು ಮಾಡಿ.

ಪ್ರಶ್ನೆ: ಸಾಲದ ಕಂತು ಕಟ್ಟಲು ಈಗ ಸಾಲುತ್ತಿಲ್ಲ. ಮೂರು ತಿಂಗಳ ವಿನಾಯಿತಿ ಕೇಳಬಹುದೇ?

ಕಂತು ತಪ್ಪುವ ಮೊದಲು ಕೇಳಿ, ತಪ್ಪಿದ ಮೇಲಲ್ಲ. ಕಡಿತದ ಪತ್ರ, ಮೂರು ತಿಂಗಳ ಸಂಬಳ ಚೀಟಿ ಜೊತೆಗಿರಲಿ. ವಿನಾಯಿತಿ ಎಂದರೆ ಬಡ್ಡಿ ಮಾಫಿ ಅಲ್ಲ. 10,00,000 ಬಾಕಿಗೆ ವಾರ್ಷಿಕ ಶೇ 9ರಂತೆ ಮೂರು ತಿಂಗಳಿಗೆ ಸುಮಾರು 22,670 ಅಸಲಿಗೆ ಸೇರುತ್ತದೆ. ಬಡ್ಡಿಯನ್ನಾದರೂ ಕಟ್ಟುತ್ತಾ ಹೋಗುವ ಏರ್ಪಾಡು ಸಿಕ್ಕರೆ ಅದು ಮೇಲು.

ಪ್ರಶ್ನೆ: ವಾರಕ್ಕೆ ಆರು ದಿನದ ಕೆಲಸವನ್ನು ಐದಕ್ಕೆ ಇಳಿಸಿ ಸಂಬಳವನ್ನೂ ಅಷ್ಟೇ ಇಳಿಸಿದ್ದಾರೆ. ಆದರೆ ರಜೆಯ ದಿನವೂ ಫೋನ್ ಬಿಡುವುದಿಲ್ಲ. ಏನು ಮಾಡುವುದು?

ವಾರಕ್ಕೆ 48 ಗಂಟೆಗೆ 12,000 ಬರುತ್ತಿದ್ದರೆ ಗಂಟೆಗೆ 250. 40 ಗಂಟೆಗೆ 10,000 ಆದರೂ 250ಯೇ. ರಜೆಯ ದಿನ ನಾಲ್ಕು ಗಂಟೆ ಫೋನಿನಲ್ಲಿ ಹೋದರೆ 44 ಗಂಟೆಗೆ 10,000, ಅಂದರೆ ಗಂಟೆಗೆ 227. ಯಾರ ಸಹಿಯೂ ಇಲ್ಲದೆ ಇನ್ನೊಂದು ಶೇ 9ರ ಕಡಿತ ನಡೆದುಹೋಗುತ್ತದೆ.

ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು, ಕರೆದವರು, ಮಾಡಿದ ಕೆಲಸ, ಇಷ್ಟನ್ನು ಅದೇ ದಿನ ಬರೆದಿಡಿ. ತಿಂಗಳ ಕೊನೆಯಲ್ಲಿ ನೆನಪಿನಿಂದ ಬರೆದ ಪಟ್ಟಿ ತಕರಾರಿನಲ್ಲಿ ನಿಲ್ಲುವುದಿಲ್ಲ. ಎಲ್ಲ ದಿನಕ್ಕೂ ‘2 ಗಂಟೆ’ ಎಂದು ಒಂದೇ ಶಾಯಿಯಲ್ಲಿ ಬರೆದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಮೇಲ್ವಿಚಾರಕರಿಗೆ ಒಂದು ಸಾಲಿನ ಸಂದೇಶ ಕಳಿಸಿ: ‘ಈ ವಾರ ರಜೆಯ ದಿನ ನಾಲ್ಕು ಗಂಟೆ ಕೆಲಸ ಮಾಡಿದ್ದೇನೆ, ಬದಲಿ ರಜೆ ಯಾವತ್ತು ತೆಗೆದುಕೊಳ್ಳಲಿ?’ ಜಗಳದ ಧ್ವನಿ ಬೇಡ. ಮೂರನೇ ವಾರಕ್ಕೆ ಫೋನ್ ಕಡಿಮೆಯಾಗದಿದ್ದರೆ, ಅದೇ ಮೂರು ಸಂದೇಶಗಳನ್ನು ಎಚ್‌ಆರ್ ವಿಭಾಗಕ್ಕೆ ಕಳಿಸಿ.